ಭಾಗವ್ವ ನುಂಗದ ಗುಳಿಗೆ

ಇಪ್ಪತ್ತೆರಡು ಹಾಳೆಯ ಒಪ್ಪಿಗೆ ಪತ್ರವನ್ನು ಓದಿ, ಬಿಡಿಸಿ ಹೇಳಿ ಮುಗಿಸುವ ಹೊತ್ತಿಗೆ ಶಿವಕುಮಾರಿಯ ಗಂಟಲು ಒಣಗಿತ್ತು. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಶರಣು ಎಲ್ಲಕ್ಕೂ ಹೂಂಗುಟ್ಟಿ, ಕೊನೆಗೆ ಒಂದೇ ಒಂದು ಮಾತು ಕೇಳಿದ.

“ಅದೆಲ್ಲಾ ಇರ್ಲಿರಿ ಅಕ್ಕಾರ. ನಾ ನಿಮ್ಮ ತಮ್ಮ ಆಗಿದ್ರ ಸಹಿ ಮಾಡು ಅಂತಿದ್ರೋ, ಬ್ಯಾಡ ಅಂತಿದ್ರೋ?”

ಈ ಪ್ರಶ್ನೆಗೆ ಉತ್ತರ ಕೊಡಕೂಡದೆಂದು ತರಬೇತಿಯಲ್ಲಿ ಕಟ್ಟಪ್ಪಣೆ ಮಾಡಿದ್ದರು. ಅವಳು ಹಾಳೆಗಳ ಅಂಚು ಸರಿಮಾಡತೊಡಗಿದಳು. ಆ ಸುಮ್ಮನಿರುವಿಕೆಯಲ್ಲೇ ಅವನು ತನಗೆ ಬೇಕಾದ ಉತ್ತರವನ್ನು ಓದಿಕೊಂಡ. ಪೆನ್ನು ಇಸಿದುಕೊಂಡು, ಗುಳ್ಳೆ ಎದ್ದ ಬೆರಳುಗಳ ನಡುವೆ ಅದನ್ನು ಹೇಗೋ ಸಿಕ್ಕಿಸಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದ. ಪಕ್ಕದ ಮಂಚದಲ್ಲಿದ್ದ ಹೆಂಡತಿ ಭಾಗವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. “ಅವರು ಮಾಡ್ಯಾರಂದ್ರ ನಂದೂ ಆತು ತಗೋರಿ,” ಎಂದು ಹೆಬ್ಬೆರಳು ಚಾಚಿದಳು.

ಪರೇಲಿನ ಆ ಆಸ್ಪತ್ರೆಯ ಪ್ರತ್ಯೇಕ ವಾರ್ಡಿನಲ್ಲಿ ಎಂಪಾಕ್ಸ್ ರೋಗಕ್ಕೆ ಹೊಸ ಔಷಧವೊಂದರ ಪ್ರಯೋಗ ಶುರುವಾಗಿ ಎರಡು ತಿಂಗಳಾಗಿತ್ತು. ಹಿಂದೆ ಮಂಗನ ಸಿಡುಬು ಅನ್ನುತ್ತಿದ್ದದ್ದೇ ಇದು. ಮೊದಲು ಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಆಮೇಲೆ ಮೈಮೇಲೆ ಕೀವುಗುಳ್ಳೆ. ಬಹಳ ಜನರಿಗೆ ಮೂರ್ನಾಲ್ಕು ವಾರದಲ್ಲಿ ಅದು ತಾನಾಗಿಯೇ ಒಣಗಿ ಹಕ್ಕಳೆ ಉದುರುತ್ತದೆ. ಕೆಲವರಿಗೆ ಒಣಗುವುದೇ ಇಲ್ಲ. ಆ ಕೆಲವರಿಗಾಗಿಯೇ ಈ ಗುಳಿಗೆ. ಅದು ಕೆಲಸ ಮಾಡುತ್ತದೋ ಇಲ್ಲವೋ ಇನ್ನೂ ಯಾರಿಗೂ ಖಾತ್ರಿ ಇರಲಿಲ್ಲ.

ಶಿವಕುಮಾರಿ ಆ ಪ್ರಯೋಗದ ನರ್ಸು. ಅವಳ ಅಪ್ಪ ಖಂಡಪ್ಪ ಇಂಡಿ ತಾಲೂಕಿನಿಂದ ಬಂದು ದಹಿಸರಿನಲ್ಲಿ ಗಾರೆ ಕೆಲಸ ಮಾಡಿ ಮಗಳನ್ನು ಓದಿಸಿದ್ದ. ಶರಣು, ಭಾಗವ್ವ ಅದೇ ಸೀಮೆಯವರು. ಇದ್ದದ್ದೂ ದಹಿಸರಿನ ಚಾಳಿನಲ್ಲೇ. ಅವನು ಗ್ರಾಂಟ್ ರೋಡಿನ ಲಾಡ್ಜೊಂದರಲ್ಲಿ ರೂಮು ಗುಡಿಸಿ ಚಾದರ ಬದಲಾಯಿಸುವವನು. ಅವಳು ಬೆಳಿಗ್ಗೆ ಕೂಲಿಯವರು ಸೇರುವ ನಾಕಾದಲ್ಲಿ ನಿಂತು, ಕರೆದವರ ಜೊತೆ ಕಟ್ಟಡದ ಕೆಲಸಕ್ಕೆ ಹೋಗುವವಳು. “ಯಾರದೋ ಹಾಸಿಗಿಯಿಂದ ಬಂದದರಿ ಇದು,” ಎಂದು ಶರಣು ಹೇಳಿದ್ದನ್ನೇ ಶಿವಕುಮಾರಿ ಬರೆದುಕೊಂಡಿದ್ದಳು. ವಾರ್ಡಿನಲ್ಲಿ ಕನ್ನಡ ನೆಟ್ಟಗೆ ಬರುತ್ತಿದ್ದದ್ದು ಅವಳೊಬ್ಬಳಿಗೇ. ಪ್ರಯೋಗದ ಮುಖ್ಯಸ್ಥ ಡಾಕ್ಟರ್ ವಿಕ್ರಂ ಬೆಂಗಳೂರಿನ ಮನೆತನದವನಾದರೂ ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಮಾತ್ರ ತಿರುಗುತ್ತಿರಲಿಲ್ಲ. ಹಾಗಾಗಿ ಆ ಗಂಡಹೆಂಡತಿಗೆ ಆಸ್ಪತ್ರೆಯೆಂದರೆ ಶಿವಕುಮಾರಿಯೇ.

ನಿಯಮ ಹೀಗಿತ್ತು. ರೋಗ ಜೋರಾಗಿದ್ದವರಿಗೆ, ಮೈಯಲ್ಲಿ ಶಕ್ತಿ ಕುಂದಿದವರಿಗೆ ನೇರವಾಗಿ ನಿಜವಾದ ಔಷಧ. ಉಳಿದವರಿಗೆ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ: ಕೆಲವರಿಗೆ ಔಷಧ, ಕೆಲವರಿಗೆ ನೋಡಲು ಥೇಟ್ ಹಾಗೇ ಇರುವ ಬರೀ ಪುಡಿ ತುಂಬಿದ ಗುಳಿಗೆ. ಯಾರಿಗೆ ಯಾವುದು ಎಂದು ಪ್ರಯೋಗ ಮುಗಿಯುವ ತನಕ ರೋಗಿಗೂ ಗೊತ್ತಾಗಬಾರದು, ಡಾಕ್ಟರಿಗೂ ಗೊತ್ತಾಗಬಾರದು. ಶರಣು ಮೊದಲನೆಯ ಗುಂಪಿಗೆ ಬಂದ, ಭಾಗವ್ವ ಎರಡನೆಯದಕ್ಕೆ.

ಶರಣು ಮೊದಲನೆಯದಕ್ಕೆ ಬಂದ ಕಾರಣ ಎರಡನೇ ದಿನ ರಕ್ತಪರೀಕ್ಷೆಯ ಕಾಗದದಲ್ಲಿ ಬಂತು. ಭಾಗವ್ವ ಸ್ನಾನಕ್ಕೆ ಹೋಗಿದ್ದಳು. ಶಿವಕುಮಾರಿ ಬಾಗಿಲು ಮುಚ್ಚಿ, ದನಿ ತಗ್ಗಿಸಿ ಹೇಳುವ ಮೊದಲೇ ಅವನು ತಲೆ ಬಗ್ಗಿಸಿದ.

“ಎಚ್‌ಐವಿ ಅಲ್ಲೇನ್ರಿ? ನನಗ ಗೊತ್ತೈತಿ. ಮೂರು ವರ್ಷ ಆತು.”

“ಗುಳಿಗಿ ತಗೊಂತಿದ್ದಿಲ್ಲೇನು?”

“ಸೋಲಾಪುರದಾಗ ಇದ್ದಾಗ ತಗೊಂತಿದ್ದೆ. ಇಲ್ಲಿ ಬಂದು ಬಿಟ್ಟೆ. ಒಂದ ಖೋಲಿರಿ ನಮ್ಮದು. ಡಬ್ಬಿ ಎಲ್ಲಿ ಮುಚ್ಚಿಡ್ಲಿ? ಅಕಿ ಕೇಳಿದ್ರ ಏನ ಹೇಳ್ಲಿ?” ಅವನ ಕಣ್ಣು ಸ್ನಾನದ ಮನೆಯ ಬಾಗಿಲಿನ ಮೇಲಿತ್ತು. “ಅಕಿದೂ ರಕ್ತ ತಗದೀರಿ.”

ತೆಗೆದಿದ್ದರು. ಎಲ್ಲ ಪರೀಕ್ಷೆಗಳ ಹೆಸರನ್ನೂ ಶಿವಕುಮಾರಿಯೇ ಅವಳಿಗೆ ಹೇಳಿದ್ದಳು. ಭಾಗವ್ವ “ಏನ ಮಾಡೋದು ಐತಿ ಮಾಡ್ರಿ” ಎಂದಿದ್ದಳು. ಅವಳ ಕಾಗದದಲ್ಲೂ ಅದೇ ಬಂದಿತ್ತು. ಅವಳಲ್ಲಿ ರೋಗ ಇನ್ನೂ ಎಳೆಯದು, ಮೈಯ ಬಲ ಗಟ್ಟಿಯಾಗಿದೆ ಅನ್ನುವುದೊಂದೇ ಸಮಾಧಾನ. ಶರಣು ಶಿವಕುಮಾರಿಯ ಮುಖ ನೋಡಿ ಗೋಡೆಗೆ ಒರಗಿದ.

“ನಾಲ್ಕ ದಿನ ಕೊಡ್ರಿ ಅಕ್ಕಾರ. ನಿಮ್ಮ ಕಾಲ ಬೀಳ್ತೀನಿ. ಬ್ಯಾರೇದವರ ಬಾಯಿಂದ ಅಕಿ ಕೇಳಬಾರ್ದು. ಎದ್ದು ಕೂಡುವಂಗಾದ ಮ್ಯಾಲ ನನ್ನ ಬಾಯಿಲೇ ಹೇಳ್ತೀನಿ.”

ಅವಳದು ಅವಳಿಗೆ ಹೇಳಲೇಬೇಕು. ಕಾನೂನು ಅದೇ, ನ್ಯಾಯವೂ ಅದೇ. ಸಂಜೆ ವಿಕ್ರಂ ನೆನಪಿಸಿದ: “ಸಿಸ್ಟರ್, ಭಾಗವ್ವಾ ಕೋ ರಿಪೋರ್ಟ್ ಬತಾಯಾ? ಇವತ್ತೇ... ಹೇಳ್ಬೇಕು. ಕಲ್ ನಹೀ.”

“ಹೇಳ್ತೀನಿ ಸರ್,” ಎಂದಳು. ಫಾರಂ ಅವಳ ಎದುರಿಗೇ ಇತ್ತು. ‘ಫಲಿತಾಂಶ ತಿಳಿಸಲಾಗಿದೆ’ ಎಂಬ ಚೌಕದಲ್ಲಿ ಗುರುತು ಹಾಕಿದಳು. ಹೇಗಿದ್ದರೂ ಇನ್ನು ನಾಲ್ಕು ದಿನದಲ್ಲಿ ಅದು ನಿಜವಾಗುತ್ತದಲ್ಲ ಅಂದುಕೊಂಡಳು. ಹದಿನಾರು ವರ್ಷದ ನೌಕರಿಯಲ್ಲಿ ಅವಳು ಬರೆದ ಮೊದಲ ಸುಳ್ಳು ಅದು. ಅದನ್ನು ಸಲೀಸಾಗಿ ಬರೆದಿದ್ದಳು. ಆಮೇಲೆ ಅವಳಿಗೆ ಭಯವಾದದ್ದು ಅದಕ್ಕೇ.

ಗುಳಿಗೆ ದಿನಕ್ಕೆ ಎರಡು ಸಲ, ಒಂದು ಸಲಕ್ಕೆ ಮೂರು. ಬರೀ ಹೊಟ್ಟೆಯಲ್ಲಿ ನುಂಗಿದರೆ ನೀರಿಗೆ ಹಾಕಿದ ಹಾಗೆ. ಜಿಡ್ಡಿನ ಊಟದ ಜೊತೆಗೆ ಹೋದರೆ ಮಾತ್ರ ಮೈಗೆ ಹತ್ತುತ್ತದೆ. ಶಿವಕುಮಾರಿ ಮನೆಯಿಂದ ಶೇಂಗಾ ಹಿಂಡಿ, ಆ ಖಾರದ ಚಟ್ನಿಪುಡಿ, ತಂದು ಎಣ್ಣೆಯಲ್ಲಿ ಕಲಸಿ ಕೊಟ್ಟಳು. ಅನ್ನಕ್ಕೆ ತುಪ್ಪ ಸುರಿದಳು. ಭಾಗವ್ವ ಗಬಗಬ ಉಂಡಳು. ಶರಣುವಿನ ಬಾಯಿಯೊಳಗೆಲ್ಲ ಹುಣ್ಣು. ಹಿಂಡಿಯ ಒಂದು ಬೆರಳು ನಾಲಿಗೆಗೆ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಗುಳಿಗೆ ನುಂಗುತ್ತಿದ್ದ, ಊಟ ಉಗುಳುತ್ತಿದ್ದ.

ನಾಲ್ಕನೇ ದಿನಕ್ಕೆ ಅವನು ಎದ್ದು ಕೂಡಲಿಲ್ಲ. ಎಡಗಣ್ಣಿನ ರೆಪ್ಪೆಯ ಮೇಲೆ ಎದ್ದ ಗುಳ್ಳೆ ಕಣ್ಣನ್ನೇ ಮುಚ್ಚಿತು. ಬೆನ್ನಿನ ಗುಳ್ಳೆಗಳು ಒಣಗುವ ಬದಲು ಒಂದರೊಳಗೊಂದು ಕೂಡಿ ಕಪ್ಪಾಗತೊಡಗಿದವು. ರೂಮಿನ ಬಾಗಿಲು ತೆರೆದರೆ, ಎರಡು ಮುಖಗವಸು ದಾಟಿಯೂ ಆ ವಾಸನೆ ಬರುತ್ತಿತ್ತು. ಶಿವಕುಮಾರಿಗೆ ಮನೆಗೆ ಹೋಗಿ ಮೈ ತಿಕ್ಕಿ ತೊಳೆದರೂ ಅದು ಕೂದಲಲ್ಲಿ ಉಳಿದಿದೆ ಅನ್ನಿಸುತ್ತಿತ್ತು. ಎಚ್‌ಐವಿಯ ಗುಳಿಗೆಯನ್ನೂ ಬಾಟಲಿಯಿಂದ ಬಿಡಿಸಿ ಶರಣುವಿಗೆ ಕೊಡಲು ಶುರು ಮಾಡಿದ್ದರು. ಭಾಗವ್ವ ಅದನ್ನೂ ಜ್ವರದ ಗುಳಿಗೆಯೆಂದೇ ತಿಳಿದಿದ್ದಳು. ವಿಚಿತ್ರವೆಂದರೆ, ಅದೇ ನಾಲ್ಕನೇ ದಿನ ಭಾಗವ್ವಳ ಕೈಮೇಲಿನ ಗುಳ್ಳೆಗಳು ಒಣಗಿ ಹಕ್ಕಳೆ ಕಟ್ಟಿದವು. ವಿಕ್ರಂ ಅವನ್ನು ಎಣಿಸಿ, ಫೋಟೋ ತೆಗೆದು, ಖುಷಿಯಿಂದ “ವೆರಿ ಗುಡ್ ರೆಸ್ಪಾನ್ಸ್” ಎಂದು ಬರೆದುಕೊಂಡ.

ಆರನೇ ದಿನ ಶರಣುವಿನ ಚಾದರ ಬದಲಿಸುವಾಗ, ಭಾಗವ್ವಳ ಮಂಚದ ಕೆಳಗಿದ್ದ ಬಿಸ್ಕತ್ತಿನ ಪೊಟ್ಟಣ ಶಿವಕುಮಾರಿಯ ಕಾಲಿಗೆ ತಾಗಿ ಚೆಲ್ಲಿತು. ಬಿಸ್ಕತ್ತು ಬೀಳಲಿಲ್ಲ. ಗುಳಿಗೆಯ ಖಾಲಿ ಚಿಪ್ಪುಗಳು ಬಿದ್ದವು, ಎರಡು ಹೋಳಾಗಿ ಬಿಚ್ಚಿದವು, ಒಂದು ಹಿಡಿ.

ಭಾಗವ್ವ ಅವುಗಳ ಮೇಲೆ ಸೆರಗು ಎಸೆದು ಕೂತುಬಿಟ್ಟಳು. ಶರಣುವಿಗೆ ಎಚ್ಚರವಿರಲಿಲ್ಲ.

“ಏನವ್ವಾ ಇದು? ನನ್ನ ಕಣ್ಣಮುಂದ ನುಂಗತಿದ್ದಿ.”

“ದವಡ್ಯಾಗ ಇಟ್ಕೊಂಡಿರತಿದ್ದೆ ಅಕ್ಕಾರ. ನೀವು ಹೋದ ಮ್ಯಾಲ ಬಿಚ್ಚಿ ಪುಡಿ ಗಂಜ್ಯಾಗ ಕಲಸಿ ಅವರಿಗೆ ಹಾಕಿದೆ.”

“ಯಾಕ?”

ಭಾಗವ್ವ ತನ್ನ ಕೈ ಚಾಚಿ ತೋರಿಸಿದಳು. “ಇಲ್ಲಿ ನೋಡ್ರಿ. ಎರಡ ದಿನ ನುಂಗಿದ್ದಕ್ಕ ನನಗ ಇಷ್ಟ ಆರಾಮ ಆತು. ಅವರಿಗಿ ನೋಡ್ರಿ. ಅವರ ಗುಳಿಗ್ಯಾಗ ದಮ್ಮಿಲ್ಲ, ನಂದರಾಗ ಐತಿ. ಬರೇ ಪುಡಿ ತುಂಬಿದ್ದೂ ಇರತಾವ ಅಂತ ನೀವಾ ಹೇಳಿದ್ರೆಲ್ಲ? ಅವರಿಗಿ ಆ ಪುಡಿ ಬಂದದ.”

“ಇಲ್ಲ ಭಾಗವ್ವ, ಅವನದು ಖರೇ ಔಷಧ. ಅವನಿಗಿ ಚೀಟಿ ಇಲ್ಲ. ಅವನಿಗಿ ನೇರ ಔಷಧನಾ ಕೊಟ್ಟಾರ.”

“ಅವರಿಗಿ ಯಾಕ ನೇರ? ನನಗ ಯಾಕ ಇಲ್ಲ?”

ಆ ಪ್ರಶ್ನೆಗೆ ನಿಜವಾದ ಉತ್ತರ ಒಂದೇ ಇತ್ತು. ಶಿವಕುಮಾರಿ ಅದನ್ನು ಹೇಳಲಾರದೆ, “ಅವನಿಗಿ ಜೋರ ಐತಿ ಅದಕ್ಕ” ಎಂದಳು. ಭಾಗವ್ವ ನಂಬಲಿಲ್ಲ. ಶಿವಕುಮಾರಿಯ ಗವಸು ತೊಟ್ಟ ಕೈ ಹಿಡಿದುಕೊಂಡಳು.

“ಯಾರಿಗೂ ಹೇಳಬ್ಯಾಡ್ರಿ. ನೀವು ನಮ್ಮ ಮಾತಿನಾಕಿ. ನಿಮ್ಮ ಬಿಟ್ರ ನಮಗ ಇಲ್ಲಿ ಯಾರ ಅದಾರ?”

ಒಂದೇ ರೂಮಿನ ಎರಡು ಮಂಚದಿಂದ ಎರಡು ಗುಟ್ಟು. ಶಿವಕುಮಾರಿ ಹೊರಗೆ ಬಂದು ಗವಸು ಕಳಚಿ, ಕೈ ತೊಳೆದು, ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಳು. ಸುಮ್ಮನಿದ್ದರೆ ಕಾಗದದಲ್ಲಿ ಉಳಿಯುವುದು ಇಷ್ಟೇ: ಹೆಣ್ಣುಮಗಳು, ಇಷ್ಟು ದಿನ ಗುಳಿಗೆ ನುಂಗಿದಳು, ಗುಣವಾದಳು. ಆ ಸಾಲನ್ನು ನಂಬಿ ನಾಳೆ ಎಲ್ಲೋ ಯಾರೋ ಇನ್ನೊಬ್ಬ ಶರಣುವಿಗೆ ಧೈರ್ಯ ಹೇಳುತ್ತಾರೆ. ಅಲ್ಲದೆ ಅವನ ಹೊಟ್ಟೆಗೆ ಎರಡು ಪಾಲು ಔಷಧ ಹೋಗಿರಬಹುದು. ಅವಳು ವಿಕ್ರಂನ ಕೋಣೆಗೆ ಹೋಗಿ ಚಿಪ್ಪುಗಳನ್ನು ಮೇಜಿನ ಮೇಲಿಟ್ಟಳು.

ಅವನು ಬಯ್ಯಲಿಲ್ಲ. ಫೋನಿನ ಮೇಲೆ ಫೋನು ಮಾಡಿದ. ಶರಣುವಿನ ರಕ್ತ ಮತ್ತೆ ತೆಗೆದರು. ಒಂದು ಗಂಟೆಯೊಳಗೆ ಭಾಗವ್ವಳ ಗುಳಿಗೆ ನಿಂತಿತು, ಗಂಡಹೆಂಡತಿ ಬೇರೆ ಬೇರೆ ರೂಮಿಗೆ ಹೋದರು. ಹೊರಡುವಾಗ ಭಾಗವ್ವ ಶಿವಕುಮಾರಿಯನ್ನು ಒಮ್ಮೆ ತಿರುಗಿ ನೋಡಿದಳು. ವಿಕ್ರಂ ಫೈಲು ತಿರುವಿ ಹಾಕುತ್ತ, “ಎಚ್‌ಐವಿ ಅವಳಿಗೆ ಗೊತ್ತು, ರೈಟ್? ಟಿಕ್ ಹೈ ಇಧರ್,” ಎಂದು ಚೌಕದ ಗುರುತಿನ ಮೇಲೆ ಬೆರಳಿಟ್ಟ.

ಆಗಲಾದರೂ ಹೇಳಬಹುದಿತ್ತು. ಶಿವಕುಮಾರಿ ಹೌದೆಂದು ತಲೆಯಾಡಿಸಿದಳು.

ಎಂಟನೇ ದಿನ ಶರಣು ಅವಳನ್ನು ಕೈಸನ್ನೆಯಿಂದ ಕರೆದ. ಬಾಯಿ ಊದಿ ಮಾತು ಸ್ಪಷ್ಟವಿರಲಿಲ್ಲ. “ಹೇಳ್ರಿ... ನೀವಾ ಹೇಳ್ರಿ ಅಕಿಗಿ,” ಎಂದ. ಅವಳು ಅವನ ಹೊದಿಕೆ ಸರಿಮಾಡುತ್ತ, “ನೀನಾ ಹೇಳೀಯಂತ ತಮ್ಮಾ. ಮೊದಲ ಆರಾಮಾಗು,” ಎಂದಳು. ಅಂದಾಗಲೇ ತಾನು ಮಾಡಿದ್ದು ತಪ್ಪೆಂದು ಅವಳಿಗೆ ಗೊತ್ತಾಗಿತ್ತು. ಅವನ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು. ಮಾರನೆಯ ದಿನ ಐಸಿಯುಗೆ ಒಯ್ದರು. ಹನ್ನೊಂದನೇ ದಿನ, ಮಟಮಟ ಮಧ್ಯಾಹ್ನ, ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ಶರಣು ತೀರಿಕೊಂಡ.

ಹೆಣವನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೇರ ವಿದ್ಯುತ್ ಚಿತಾಗಾರಕ್ಕೆ ಕಳಿಸಿದರು. ಭಾಗವ್ವ ಗಾಜಿನ ಈಚೆಯಿಂದ ನೋಡಿದಳು. ಅಳಲಿಲ್ಲ. ಪಕ್ಕಕ್ಕೆ ಬಂದು ನಿಂತ ಶಿವಕುಮಾರಿಗೆ, “ನನ್ನ ಗುಳಿಗಿ ನಿಲ್ಲಿಸಿದಿರಿ ಸಿಸ್ಟರ್. ನಿಲ್ಲಿಸಿದ ಮ್ಯಾಲ ಹೋದ್ರು,” ಎಂದಳು. ಅಷ್ಟು ದಿನ ಅಕ್ಕಾರ ಆಗಿದ್ದವಳು ಅಂದು ಸಿಸ್ಟರ್ ಆದಳು.

ಹಕ್ಕಳೆಗಳೆಲ್ಲ ಉದುರಿ ಮನೆಗೆ ಬಿಡುವ ದಿನ ಎಚ್‌ಐವಿ ವಿಭಾಗದ ಆಪ್ತಸಲಹೆಗಾರ್ತಿ ಬಂದಳು. ಭಾಗವ್ವಳಿಗೆ ಮೊದಲೇ ಗೊತ್ತಿದೆ ಎಂದುಕೊಂಡು, ಹಿಂದಿಯಲ್ಲಿ, ಗುಳಿಗೆಯ ಡಬ್ಬಿ ಕೈಗಿಟ್ಟು, ದಿನಾ ಒಂದು ತಪ್ಪಿಸಬೇಡಿ, ಗಂಡನ ಹಾಗೆ ಮಾಡಬೇಡಿ ಎಂದಳು. ಭಾಗವ್ವಳಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ಆ ರೋಗದ ಹೆಸರಿಗೆ ಭಾಷೆ ಬೇಕಾಗಿಲ್ಲ. ಅವಳು ಡಬ್ಬಿಯನ್ನು ನೋಡಿದಳು, ಬಾಗಿಲಲ್ಲಿದ್ದ ಶಿವಕುಮಾರಿಯನ್ನು ನೋಡಿದಳು.

“ಇದು ನಿಮಗ ಯಾವಾಗ ಗೊತ್ತಾತು?”

“ಎರಡನೇ ದಿನ.”

“ಅವರಿಗಿ?”

“ಮೂರು ವರ್ಷದಿಂದ. ತಾನಾ ಹೇಳ್ತೀನಿ ಅಂದಿದ್ದ. ನಾಲ್ಕ ದಿನ ಕೇಳಿದ್ದ...”

ಭಾಗವ್ವ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಅಂದಳು, “ನನ್ನ ಕಳುವು ಒಂದ ತಾಸಿನಾಗ ಡಾಕ್ಟರಿಗಿ ಮುಟ್ಟಿತು. ಅವರ ಕಳುವು ನನಗ ಮುಟ್ಟಲಿಲ್ಲ. ಖರೇ ಹೇಳೋದು ನಿಮಗ ಬರ್ತದ ಸಿಸ್ಟರ್. ಯಾರ ಮುಂದ ಹೇಳ್ಬೇಕು ಅನ್ನೋದು ತಿಳೀವಲ್ದು.”

ಅಂದೇ ಸಂಜೆ ಶಿವಕುಮಾರಿ ವಿಕ್ರಂನ ಎದುರು ನಿಂತು ಆ ಚೌಕದ ಗುರುತಿನ ಕಥೆ ಹೇಳಿದಳು. ವಿಚಾರಣೆ ನಡೆಯಿತು. ನೌಕರಿ ಹೋಗಲಿಲ್ಲ, ಆದರೆ ಪ್ರಯೋಗದಿಂದ ತೆಗೆದು ಕೆಳಗಿನ ಹೊರರೋಗಿ ವಿಭಾಗಕ್ಕೆ ಹಾಕಿದರು. ದಿನವಿಡೀ ಜನರ ರಕ್ತದೊತ್ತಡ ನೋಡುವುದು ಅವಳ ಕೆಲಸವಾಯಿತು. ಪಟ್ಟಿ ಬಿಗಿಯುವಾಗೆಲ್ಲ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಅವಳ ಕೈ ತಡೆಯುತ್ತಿತ್ತು.

ಆರು ತಿಂಗಳ ಮೇಲೆ, ಪ್ರಯೋಗ ಮುಗಿದ ಸುದ್ದಿ ಬಂತು. ಗುಳಿಗೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲವಂತೆ. ನುಂಗಿದವರೂ ನುಂಗದವರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಗುಣವಾಗಿದ್ದರು. ಪಾಲ್ಗೊಂಡವರೆಲ್ಲರಿಗೂ ಯಾರಿಗೆ ಏನು ಕೊಟ್ಟಿದ್ದರೆಂದು ಪತ್ರ ಹೋಯಿತು. ಅದಾಗಿ ಒಂದು ವಾರಕ್ಕೆ ದಹಿಸರಿನಿಂದ ಸುಂದ್ರವ್ವ ಎಂಬ ಮುದುಕಿ ಫೋನು ಮಾಡಿದಳು. ಭಾಗವ್ವಳ ಪಕ್ಕದ ಖೋಲಿಯವಳು. “ಏನೋ ಇಂಗ್ರೇಜಿ ಕಾಗದ ಬಂದದವ್ವಾ. ಅಕಿ ಯಾರಿಗೂ ತೋರಸವಲ್ಲಳು. ದಿಂಬಿನ ಕೆಳಗ ಇಟ್ಕೊಂಡು ಮಲಗ್ತಾಳ. ಉಣವಲ್ಲಳು, ಸೊರಗ್ಯಾಳ. ನಿನ್ನ ನಂಬರ ದವಾಖಾನಿ ಚೀಟ್ಯಾಗಿತ್ತು. ಒಮ್ಮಿ ಬಾ.”

ಭಾನುವಾರ ದಾದರಿನಲ್ಲಿ ವಿರಾರ್ ಲೋಕಲ್ ಹತ್ತಿ ಶಿವಕುಮಾರಿ ಹೋದಳು. ಅದೇ ಚಾಳುಗಳ ನಡುವೆ ಬೆಳೆದವಳಿಗೆ ದಾರಿ ಕೇಳಬೇಕಾಗಲಿಲ್ಲ. ಭಾಗವ್ವ ಬಾಗಿಲು ತೆರೆದಳು, ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಕೈಮೇಲೆ ಗುಳ್ಳೆಗಳ ಕಲೆ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ದಿಂಬಿನ ಕೆಳಗಿಂದ ಕಾಗದ ತೆಗೆದುಕೊಟ್ಟಳು.

“ಓದ್ರಿ. ಇದ್ದದ್ದು ಇದ್ದಂಗ.”

ಶಿವಕುಮಾರಿ ಓದಿದಳು. ಇನ್ನು ಯಾವುದನ್ನೂ ಮುಚ್ಚಿಡುವುದಿಲ್ಲವೆಂದು ರೈಲಿನಲ್ಲೇ ನಿಶ್ಚಯ ಮಾಡಿಕೊಂಡು ಬಂದಿದ್ದಳು. ಆದರೂ ಮೂರನೇ ಸಾಲನ್ನು ಎರಡು ಸಲ ಓದಿಕೊಂಡಳು.

“ನಿನ್ನ ಗುಳಿಗ್ಯಾಗ ಔಷಧ ಇದ್ದಿಲ್ಲ ಭಾಗವ್ವ. ಬರೇ ಪುಡಿ ಇತ್ತು.”

“ಮತ್ತ ನಾ ಹ್ಯಾಂಗ ಆರಾಮಾದೆ?”

“ನಿನ್ನ ಮೈ ಗಟ್ಟಿ ಇತ್ತು. ತಾನಾ ವಾಸಿ ಮಾಡಿಕೊಂಡಿತು. ಅವನ ಮೈಯಾಗ ಆ ಬಲ ಉಳದಿದ್ದಿಲ್ಲ. ಔಷಧನೂ ಅವಗ ಒದಗಲಿಲ್ಲ.”

ಭಾಗವ್ವ ಬಾಗಿಲಾಚೆ ನೋಡಿದಳು. ನಲ್ಲಿಯ ಹತ್ತಿರ ಹೆಂಗಸರು ಕೊಡ ಹಚ್ಚಿ ನಿಂತಿದ್ದರು. “ಹಂಗಾರ ನಾ ಅವರಿಗಿ ಏನ ಉಣಸಿದೆ? ನಾಲ್ಕ ದಿನ, ದವಡ್ಯಾಗ ಮುಚ್ಚಿಟ್ಟು, ಕಳ್ಳರಗತೆ?”

“ಗಂಜಿ,” ಎಂದಳು ಶಿವಕುಮಾರಿ. “ಅವನ ಹೊಟ್ಟಿಗಿ ಇಳದದ್ದು ಅದೊಂದಾ.”

ಆಗ ಭಾಗವ್ವ ಎದ್ದು, ಹಿಟ್ಟಿನ ಡಬ್ಬಿಯ ಹಿಂದೆ ಕೈಹಾಕಿ ಒಂದೊಂದಾಗಿ ಹೊರಗೆ ತೆಗೆದಳು: ಎಚ್‌ಐವಿ ಗುಳಿಗೆಯ ಬಿಳಿ ಡಬ್ಬಿಗಳು, ತಿಂಗಳಿಗೊಂದರಂತೆ ಆರು. ತಿಂಗಳು ತಿಂಗಳು ಸಾಲಿನಲ್ಲಿ ನಿಂತು ಇಸಿದುಕೊಂಡು ಬಂದವು. ಒಂದರ ಮುಚ್ಚಳದ ಸೀಲೂ ಒಡೆದಿರಲಿಲ್ಲ. ಶಿವಕುಮಾರಿ ಒಂದೊಂದನ್ನೂ ತಿರುಗಿಸಿ ನೋಡಿದಳು. ಆ ಕೆನ್ನೆ ಯಾಕೆ ಒಳಗೆ ಹೋಗಿದೆಯೆಂದು ಈಗ ಗೊತ್ತಾಯಿತು. ಶರಣು ಮಲಗಿದ್ದ ರೂಮಿನ ವಾಸನೆ ಆ ಸಣ್ಣ ಖೋಲಿಯಲ್ಲಿ ಇದ್ದಕ್ಕಿದ್ದ ಹಾಗೆ ಮೂಗಿಗೆ ಬಡಿಯಿತು.

“ಇದರಾಗ ಔಷಧ ಐತೋ, ಪುಡಿ ಐತೋ?” ಎಂದಳು ಭಾಗವ್ವ.

“ಔಷಧ. ಆಣಿ ಮಾಡಿ ಹೇಳ್ತೀನಿ. ಇದು ಪ್ರಯೋಗ ಅಲ್ಲ, ಲಕ್ಷಗಟ್ಟಲೆ ಮಂದಿ ನುಂಗತಾರ. ಇವತ್ತಾ ಶುರು ಮಾಡು. ತಡಾ ಮಾಡಿದ್ರ...”

“ನೀವು ಹೇಳ್ತೀರಿ.” ಆ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. “ನೀವು ಹೇಳಿದ್ರ ನನಗ ನಂಬಿಕಿ ಬರಬೇಕಲ್ರಿ?”

ಶಿವಕುಮಾರಿ ಗಂಟೆಗಟ್ಟಲೆ ಕೂತಳು. ಬೇಡಿಕೊಂಡಳು, ಹೆದರಿಸಿದಳು, ಶರಣುವಿನ ಹೆಸರು ಹಿಡಿದಳು. ಭಾಗವ್ವ ಚಹಾ ಮಾಡಿಕೊಟ್ಟಳು, ಡಬ್ಬಿ ಮಾತ್ರ ಮುಟ್ಟಲಿಲ್ಲ. ಕೊನೆಗೆ ಶಿವಕುಮಾರಿ ವಿಕ್ರಂನ ಹೆಸರು, ಅವನು ಸೋಮವಾರ ಬೆಳಿಗ್ಗೆ ಕೂಡುವ ಕೋಣೆಯ ನಂಬರು ಹೇಳಿ ಎದ್ದು ಬಂದಳು.

ಸೋಮವಾರ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಮೂರನೆಯದಕ್ಕೆ, ಹನ್ನೊಂದರ ಸುಮಾರಿಗೆ, ಗೋಡೆ ಹಿಡಿದುಕೊಂಡು ಭಾಗವ್ವ ಹೊರರೋಗಿ ವಿಭಾಗದ ಬಾಗಿಲಿಗೆ ಬಂದಳು. ಒಣಕೆಮ್ಮು, ಮೈಯಲ್ಲಿ ಜ್ವರ. ರಕ್ತದೊತ್ತಡದ ಮೇಜಿನಿಂದ ಶಿವಕುಮಾರಿ ಧಡಕ್ಕನೆ ಎದ್ದಳು. ಭಾಗವ್ವ ಅವಳನ್ನು ದಾಟಿ ಹೋಗಿ ವಿಕ್ರಂನ ಮೇಜಿನ ಮೇಲೆ ಆರೂ ಡಬ್ಬಿ ಇಟ್ಟು, ಅವನು ಕೂರಲು ಹೇಳುವ ಮೊದಲೇ ಮುರುಕು ಹಿಂದಿಯಲ್ಲಿ ಕೇಳಿದಳು: “ಸಾಬ್, ಇಸ್ಮೇ ದವಾಯಿ ಹೈ? ಸಚ್ ಬೋಲೋ.”

ವಿಕ್ರಂ ಡಬ್ಬಿಗಳ ಸೀಲು ನೋಡಿದ, ಅವಳ ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಶಿವಕುಮಾರಿಯತ್ತ ಕಣ್ಣು ಹಾಯಿಸಿ, ಅವಳನ್ನು ಕರೆಯದೆ, ತಾನೇ ಒಂದೊಂದೇ ಕನ್ನಡ ಶಬ್ದ ಹುಡುಕಿ ಹೇಳಿದ. “ಇದೆ. ಔಷಧ... ಇದೆ. ಲೇಟ್ ಆಗಿದೆ. ಆದ್ರೆ ಇದೆ. ಮೊದಲು ಕೆಮ್ಮು ನೋಡೋಣ, ಆಮೇಲೆ ಇದು.”

ಭಾಗವ್ವ ಹೂಂ ಎಂದು ಕುರ್ಚಿಯಲ್ಲಿ ಕುಸಿದಳು. ಅಂದೇ ಅವಳನ್ನು ದಾಖಲು ಮಾಡಿಕೊಂಡರು. ಎದೆಯಲ್ಲಿ ಕ್ಷಯ ಇಳಿದಿತ್ತು. ಶಿವಕುಮಾರಿ ದಿನಾ ಮಧ್ಯಾಹ್ನ ಆ ವಾರ್ಡಿನ ಬಾಗಿಲವರೆಗೆ ಹೋಗಿ ಬರುತ್ತಿದ್ದಳು. ಒಳಗೆ ಹೋಗುತ್ತಿರಲಿಲ್ಲ. ಮಂಚದ ಮೇಲಿನ ಹೆಣ್ಣುಮಗಳು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಗುಳಿಗೆ ಕೊಡುವ ನರ್ಸು ಬಂದಾಗ ಎದ್ದು ಕೂತು, ನುಂಗಿ, ಬಾಯಿ ಅಗಲಿಸಿ ನಾಲಿಗೆ ಎತ್ತಿ, ಎರಡೂ ದವಡೆ ತೋರಿಸಿ, ಮತ್ತೆ ಗೋಡೆಯ ಕಡೆಗೆ ಹೊರಳುತ್ತಿದ್ದಳು.